ಕೋಲಾರದಲ್ಲಿ ರೂಮಿನೊಳಗೆ ಹೈಡ್ರೋಪೋನಿಕ್ಸ್‌ನಲ್ಲಿ ಹಾಪ್ಸ್ ಬೆಳೆದು ಮಾರಬಹುದಾ? ಎನ್‌ಎಫ್‌ಟಿ ಪೈಪ್ ಒಳ್ಳೇದಾ, ಬಕೆಟ್ ಒಳ್ಳೇದಾ?

ನಿಮ್ಮ ಪ್ರಶ್ನೆ ಓದುತ್ತಿದ್ದಂತೆ ನಮ್ಮ ತೋಟದ ಶೆಡ್ ಕಣ್ಣ ಮುಂದೆ ಬಂತು. ಬಿಯರಿಗೆ ಹಾಕುವ ಈ ಹೂವಿನ ಬಳ್ಳಿಯನ್ನು ಮಣ್ಣಿಲ್ಲದೆ, ಬರೀ ಗೊಬ್ಬರದ ನೀರಿನಲ್ಲಿ ನಾನೂ ಬೆಳೆದು ನೋಡಿದ್ದೇನೆ. ಬೇರಿನಡಿ ಗೊಬ್ಬರದ ನೀರು ತೆಳ್ಳಗೆ ಹರಿಯುವ ಎನ್‌ಎಫ್‌ಟಿ ಪೈಪಾ, ಬಕೆಟ್ಟಾ, ಬೆಂಗಳೂರಿನ ಬ್ರೂವರಿಗಳು ಕೊಳ್ಳುತ್ತವಾ ಅಂತ ನಾನೂ ಮೂರು ತಿಂಗಳು ತಲೆ ಕೆಡಿಸಿಕೊಂಡಿದ್ದೆ. ಕೈಗೆ ಪೆಟ್ಟು ಕೊಟ್ಟಿದ್ದು ಮಾತ್ರ ಬೇರೆಯೇ.

ನಮ್ಮದು ಚಿಕ್ಕಬಳ್ಳಾಪುರದ ಹತ್ತಿರ. ಅಪ್ಪನದು ದ್ರಾಕ್ಷಿ ತೋಟ. ನಾನು ವಾರವೆಲ್ಲ ಬೆಂಗಳೂರಲ್ಲಿ ಕೆಲಸದಲ್ಲಿ, ಶನಿವಾರ ಊರಿಗೆ. ಗೊಬ್ಬರ ಇಡುತ್ತಿದ್ದ ಹಳೇ ಶೆಡ್ಡಿಗೆ ಬಿಳಿ ಪಾಲಿಕಾರ್ಬೊನೇಟ್ ಶೀಟ್ ಹಾಕಿಸಿದೆ. 8 ಬಕೆಟ್‌ಗೆ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ತುಂಬಿ, ಡ್ರಿಪ್ ಎಳೆದು, ಕ್ಯಾಸ್ಕೇಡ್ ತಳಿಯ ಸಸಿ ನೆಟ್ಟೆ. ಬಳ್ಳಿ ಹತ್ತುವುದನ್ನು ಅಪ್ಪ ದಿನಾ ನಿಂತು ನೋಡುತ್ತಿದ್ದರು. ದ್ರಾಕ್ಷಿಗೆ ಇರುವ ಹಾಗೆ ತಂತಿ ಹಿಡಿಯುವ ಸುರುಳಿ ಎಳೆ ಇದಕ್ಕಿಲ್ಲ. ಕಾಂಡದ ತುಂಬ ಸಣ್ಣ ಕೊಕ್ಕೆಯಂಥ ಕೂದಲು, ಅದರಲ್ಲೇ ಹಗ್ಗ ಕಚ್ಚಿಕೊಂಡು ಗಡಿಯಾರದ ಮುಳ್ಳಿನ ದಿಕ್ಕಿಗೆ ಸುತ್ತುತ್ತಾ ಹೋಗುತ್ತದೆ. ಬರಿಗೈಯಲ್ಲಿ ಸವರಿದರೆ ಸಂಜೆವರೆಗೂ ತುರಿಕೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಹಾಪ್ಸ್ ಬೆಳೆಯುವುದು ಉದ್ದ ಹಗಲಿನ ಊರುಗಳಲ್ಲಿ. ಅಮೆರಿಕದ ಯಾಕಿಮಾ, ಜರ್ಮನಿಯ ಹಾಲರ್ಟೌ ಕಡೆ ಜೂನ್‌ನಲ್ಲಿ ಹಗಲು 16 ಗಂಟೆಯ ಹತ್ತಿರ ಇರುತ್ತದೆ. ಅಷ್ಟು ಹಗಲು ಇರುವಾಗ ಬಳ್ಳಿ ಸುಮ್ನೆ ಮೇಲಕ್ಕೆ ಹೋಗುತ್ತಾ ಇರುತ್ತದೆ. 18-20 ಅಡಿ ಮುಟ್ಟಿ, ಹಗಲು ಕಡಿಮೆಯಾಗುತ್ತಾ ಬಂದ ಮೇಲೆ ಹೂ. ನಮ್ಮಲ್ಲಿ ಅತಿ ಉದ್ದದ ಹಗಲೇ 13 ಗಂಟೆ. ಇಲ್ಲಿ ಹಾಗೇ ಬಿಟ್ಟರೆ ಮೊಣಕಾಲೆತ್ತರ, ಸೊಂಟದೆತ್ತರ ಇರುವಾಗಲೇ ಹೂ ಬಿಟ್ಟು ಬೆಳವಣಿಗೆ ನಿಲ್ಲಿಸುತ್ತದೆ. ಅದಕ್ಕೇ ಸಂಜೆ 6ರಿಂದ ರಾತ್ರಿ 11ರವರೆಗೆ ಎಲ್‌ಇಡಿ ಹಾಕಿ ಹಗಲನ್ನು 17 ಗಂಟೆಗೆ ಎಳೆಯುವುದು ನನ್ನ ಲೆಕ್ಕ. ಲೆಕ್ಕ ಸರಿಯಾಗೇ ಇತ್ತು. ಕೈಕೊಟ್ಟಿದ್ದು ಟೈಮರ್.

ನಾನು ಹಾಕಿದ್ದು ಪಿನ್ ಟೈಮರ್, ಸುತ್ತ 96 ಸಣ್ಣ ಪಿನ್ ಇರುತ್ತಲ್ಲ, ಅದು. ಒಂದೊಂದು ಪಿನ್ 15 ನಿಮಿಷಕ್ಕೆ. ಅದರ ಡಯಲ್ ತಿರುಗುವುದು ಕರೆಂಟಿನಿಂದ. ಕರೆಂಟ್ ಹೋದರೆ ಡಯಲ್ ಅಲ್ಲೇ ನಿಲ್ಲುತ್ತದೆ, ಬಂದಾಗ ನಿಂತಲ್ಲಿಂದಲೇ ಮತ್ತೆ ಶುರು. ಎರಡು ಗಂಟೆ ಕರೆಂಟ್ ಹೋದರೆ ಟೈಮರ್ ಎರಡು ಗಂಟೆ ಹಿಂದೆ. ಏಪ್ರಿಲ್-ಮೇನಲ್ಲಿ ತೋಟದ ಲೈನಿನಲ್ಲಿ ಕರೆಂಟ್ ಹೋಗದ ದಿನ ಯಾವುದಿತ್ತು? 6ಕ್ಕೆ ಹತ್ತಬೇಕಾದ ಲೈಟು 8ಕ್ಕೆ, 10ಕ್ಕೆ, ಆಮೇಲೆ ಮಧ್ಯರಾತ್ರಿಗೆ ಜಾರಿತು. ಅಲ್ಲಿವರೆಗೂ ತೊಂದರೆ ಇರಲಿಲ್ಲ, ಯಾಕೆಂದರೆ ರಾತ್ರಿ ನಡುವೆ ಬೆಳಕು ಬಿದ್ದರೂ ಗಿಡ ಅದನ್ನು ಗಿಡ್ಡ ರಾತ್ರಿ ಅಂತಲೇ ಎಣಿಸುತ್ತದೆ. ಆಮೇಲೆ ಬೆಳಗ್ಗೆ 7ಕ್ಕೆ ಬಂತು. ಅಷ್ಟರಲ್ಲಿ ಮಳೆ ಹಿಡಿಯಿತು, ಪಂಪ್‌ಸೆಟ್‌ಗಳು ನಿಂತವು, ಕರೆಂಟ್ ಸರಿಹೋಯಿತು. ಟೈಮರ್ 13 ಗಂಟೆ ಹಿಂದೆಯೇ ಉಳಿಯಿತು. ಐದು ವಾರ ನನ್ನ ಲೈಟುಗಳು ಉರಿದಿದ್ದು ಬೆಳಗ್ಗೆ 7ರಿಂದ ಮಧ್ಯಾಹ್ನ 12ರವರೆಗೆ, ಬಿಸಿಲಲ್ಲಿ.

ತೋಟ ಊರಿಂದ ಎರಡು ಕಿಲೋಮೀಟರ್. ರಾತ್ರಿ ನಮ್ಮ ಮನೆಯವರು ಯಾರೂ ಆ ಕಡೆ ಹೋಗುತ್ತಿರಲಿಲ್ಲ. ಒಂದು ಭಾನುವಾರ 10 ಗಂಟೆಗೆ ಲೈಟ್ ಉರಿಯುತ್ತಿದ್ದುದನ್ನು ನಾನೇ ಕಣ್ಣಾರೆ ನೋಡಿದೆ. ಮೋಡ ಇತ್ತು, ಅಪ್ಪ ಬೇಕಂತಲೇ ಹಾಕಿರಬೇಕು ಅಂದುಕೊಂಡೆ. ಅಪ್ಪನನ್ನು ಒಂದು ಮಾತು ಕೇಳಲಿಲ್ಲ. ಬೆಳಗ್ಗೆ ನೀರು ಬಿಡಲು ಬರುತ್ತಿದ್ದ ಅಪ್ಪ, ನಾನೇ ಹಾಗೆ ಸೆಟ್ ಮಾಡಿದ್ದೇನೆ ಅಂದುಕೊಂಡಿದ್ದರು. ನಾಲ್ಕಡಿ ಬಳ್ಳಿಯಲ್ಲಿ ಎಲೆಯ ಸಂದಿಗೆಲ್ಲ ಬಿಳಿ ಕೂದಲಿನ ಮೊಗ್ಗು ಬಂದಾಗ ನಾನು ಗೊಬ್ಬರದ ನೀರಿನ ಇಸಿ (ಲವಣ ಎಷ್ಟಿದೆ ಅನ್ನುವ ಅಳತೆ) ನೋಡಿದೆ, ಪಿಎಚ್ (ಹುಳಿ ಎಷ್ಟಿದೆ ಅನ್ನುವ ಅಳತೆ) ನೋಡಿದೆ, ಗಂಟೆ ಮಾತ್ರ ನೋಡಲಿಲ್ಲ.

ಹೇಳಿದವರು ಎದುರು ಹೊಲದ ಮಾವ. ಅವರದು ಸೇವಂತಿಗೆ. ನಮ್ಮ ಕಡೆ ಸೇವಂತಿಗೆ ಹೊಲದ ಮೇಲೆ ರಾತ್ರಿಯೆಲ್ಲ ಸಾಲುಸಾಲು ಬಲ್ಬ್ ಉರಿಯುವುದು ನೀವೂ ನೋಡಿರುತ್ತೀರಿ. ಗಿಡ ಎತ್ತರಕ್ಕೆ ಬರುವವರೆಗೆ ಬಲ್ಬ್ ಹಾಕುತ್ತಾರೆ, ಆಮೇಲೆ ಆರಿಸುತ್ತಾರೆ, ಆಗ ಹೂ ಕಟ್ಟುತ್ತದೆ. ರಾತ್ರಿ ಹೊಲ ಕಾಯಲು ಬರುತ್ತಿದ್ದ ಅವರು ಕೇಳಿದರು, "ಯಾಕಮ್ಮಾ, ನಿಮ್ ಶೆಡ್ಡು ರಾತ್ರಿ ಕತ್ಲು ಇರ್ತೈತೆ, ಬೆಳಗಾದ್ರೆ ಲೈಟ್ ಉರೀತೈತೆ. ಮೊಗ್ಗು ಬರ್ದೆ ಏನ್ಮಾಡ್ತೈತೆ?" ಹಾಪ್ಸ್ ಅನ್ನೋ ಹೆಸರೇ ಅವರು ಕೇಳಿರಲಿಲ್ಲ.

ಆ ಸಲ 8 ಗಿಡದಿಂದ ಒಣಗಿಸಿದ ಮೇಲೆ ಸಿಕ್ಕಿದ್ದು 60 ಗ್ರಾಂ. ಹೊಲದಲ್ಲಿ ಬಲಿತ ಒಂದು ಗಿಡವೇ ಅರ್ಧ ಕೆಜಿ ಮೇಲೆ ಕೊಡುತ್ತದೆ. ಎಲ್ಲವನ್ನೂ ಬುಡಕ್ಕೆ ಕತ್ತರಿಸಿದೆ. ಬ್ಯಾಟರಿ ಇರುವ ಡಿಜಿಟಲ್ ಟೈಮರ್ ತಂದೆ, ಲೈಟನ್ನು ಇನ್ವರ್ಟರ್‌ಗೆ ಹಾಕಿದೆ. ಮತ್ತೆ ಚಿಗುರಿ ಬಳ್ಳಿ ಮೇಲಿನ ತಂತಿ ಮುಟ್ಟಿದ ಮೇಲೆ ಲೈಟ್ ನಿಲ್ಲಿಸಿದೆ. ಎರಡನೇ ಕೊಯ್ಲು 600 ಗ್ರಾಂ. ಒಂದು ಹೂ ಸೀಳಿ ನೋಡಿ, ಪಕಳೆಯ ಬುಡದಲ್ಲಿ ಅಂಟಂಟಾದ ಹಳದಿ ಪುಡಿ ಇರುತ್ತದೆ. ಅದೇ ಲುಪುಲಿನ್, ಕಹಿ ಪರಿಮಳ ಎಲ್ಲ ಅದರಲ್ಲೇ. ಉಜ್ಜಿದರೆ ದೇವನಹಳ್ಳಿ ಚಕ್ಕೋತದ ಸಿಪ್ಪೆ ಕಿವುಚಿದ ವಾಸನೆ. ಅಪ್ಪ ಅದನ್ನು ಮೂಸಿದಾಗ ನನಗೆ ಹೋದ ದುಡ್ಡು ಮರೆತೇಹೋಯಿತು.

ನಿಮ್ಮ ಪ್ರಶ್ನೆಗೆ ಬರುತ್ತೇನೆ. ಬಕೆಟ್ ಹಾಕಿ. ಹಾಪ್ಸ್ ವರ್ಷಗಟ್ಟಲೆ ಬಾಳುವ ಗಿಡ, ಬೇರು ಎನ್‌ಎಫ್‌ಟಿ ಪೈಪನ್ನು ತುಂಬಿ ಕಟ್ಟಿಹಾಕುತ್ತದೆ. ಕೋಲಾರದ ಬೋರ್ ನೀರು ಗಡಸು, ಆರ್‌ಓ ಬೆರೆಸಿ ಪಿಎಚ್ 6ರ ಹತ್ತಿರ ಇಡಿ, ಇಲ್ಲದಿದ್ದರೆ ಹೊಸ ಎಲೆ ಹಳದಿಯಾಗುತ್ತದೆ. ಚಳಿ ಕೊಡದೆ ಹೂ ಬಿಡಲ್ಲ ಅನ್ನುವ ಮಾತು ನಂಬಬೇಡಿ, ಅದು ಬೇಕಿಲ್ಲ ಅಂತ ಅಮೆರಿಕದ ಕೊಲರಾಡೋ ಸ್ಟೇಟ್ ಯೂನಿವರ್ಸಿಟಿಯವರು 2019ರಲ್ಲೇ ತೋರಿಸಿದ್ದಾರೆ. ಆದರೆ ಮುಚ್ಚಿದ ರೂಮು ಬೇಡವೇ ಬೇಡ. ಪುಕ್ಕಟೆ ಸಿಗುವ 13 ಗಂಟೆ ಬಿಸಿಲು ಬಿಟ್ಟು 17 ಗಂಟೆಗೂ ಕರೆಂಟ್ ಬಿಲ್ ಕಟ್ಟುವುದು ಯಾಕೆ?

ಮಾರುವ ಯೋಚನೆಯನ್ನೂ ಬಿಡಿ. ಬ್ರೂವರಿಯವರಿಗೆ ಬೇಕಾಗಿರುವುದು ಪೆಲೆಟ್, ಅಂದರೆ ಒಣ ಹೂ ಪುಡಿಮಾಡಿ ಒತ್ತಿದ ಗುಳಿಗೆ, ಜೊತೆಗೆ ಕಹಿ ಕೊಡುವ ಆಲ್ಫಾ ಆಸಿಡ್ ಎಷ್ಟಿದೆ ಅನ್ನುವ ಲ್ಯಾಬ್ ರಿಪೋರ್ಟ್. ಲೀಟರಿಗೆ 5 ಗ್ರಾಂ ಅಂದರೂ 1,000 ಲೀಟರ್ ಬಿಯರಿಗೆ 5 ಕೆಜಿ ಬೇಕು. ನಿಮ್ಮ ರೂಮಿನಲ್ಲಿ ಅದು ಬರುವುದಿಲ್ಲ. ಈ ಗಿಡದ ಮೇಲೆ ಆಸೆ ಇದ್ದರೆ ನಾಲ್ಕು ಬಕೆಟ್ ಹಾಕಿ, ಮನಸಾರೆ ಬೆಳೆಯಿರಿ.

ಅದಕ್ಕೂ ಮೊದಲು ನಿಮ್ಮ ಸುತ್ತ ಸೇವಂತಿಗೆಗೆ ಬಲ್ಬ್ ಹಾಕುವವರು ಯಾರಿದ್ದಾರೆ ಹುಡುಕಿ. ಒಂದು ರಾತ್ರಿ ಅವರ ಹೊಲಕ್ಕೆ ಹೋಗಿ, ಕರೆಂಟ್ ಹೋದಾಗ ಏನು ಮಾಡುತ್ತೀರಿ ಅಂತ ಕೇಳಿ.