ಎಲೆಕ್ಟ್ರಾನಿಕ್ಸ್ ಅಂಗಡೀಲಿ ಹಳೇ ವಿಡಿಯೋ ಗೇಮ್ ಮಾರೋಕೆ ಶುರು ಮಾಡ್ಬಹುದಾ? ಹೊಸದಕ್ಕಿಂತ ಎಷ್ಟು ಕಮ್ಮಿ ರೇಟ್ ಇಡ್ಬೇಕು?

ಟಿವಿ, ಹೆಡ್‌ಫೋನ್ ಮಾರೋ ಅಂಗಡೀಲಿ ಒಂದು ರ‍್ಯಾಕ್ ಖಾಲಿ ಇದೆ, ಅಲ್ಲಿ ಸೆಕೆಂಡ್ ಹ್ಯಾಂಡ್ ಗೇಮ್ ಇಟ್ಟು ಹೊಸದಕ್ಕಿಂತ ಎಷ್ಟು ಪರ್ಸೆಂಟ್ ಕಮ್ಮಿಗೆ ಮಾರ್ಬೇಕು ಅಂತ ಕೇಳಿದ್ದೀರಿ. ನಾನೂ ಇದೇ ಪ್ರಶ್ನೆ ಇಟ್ಕೊಂಡೇ ಈ ವ್ಯಾಪಾರಕ್ಕೆ ಇಳಿದಿದ್ದು, ಅದಕ್ಕೇ ಹೇಳ್ತೀನಿ, ಪ್ರಶ್ನೆನೇ ಸರಿ ಇಲ್ಲ. ಎಷ್ಟಕ್ಕೆ ಮಾರೋದು ಅಂತ ಯಾರೂ ಹೇಳ್ಕೊಡಬೇಕಾಗಿಲ್ಲ, ಆನ್‌ಲೈನಲ್ಲಿ ಹತ್ತು ನಿಮಿಷ ನೋಡಿದ್ರೆ ಗೊತ್ತಾಗುತ್ತೆ. ಎಷ್ಟಕ್ಕೆ ತಗೊಳ್ಳೋದು, ಯಾವುದನ್ನ ತಗೊಳ್ಳೋದೇ ಇಲ್ಲ, ಪೂರ್ತಿ ವ್ಯಾಪಾರ ಇರೋದು ಅಲ್ಲೇ.

ನಾನು ಶುರು ಮಾಡಿದ್ದು ಪ್ಲೇಸ್ಟೇಷನ್ 3, ಎಕ್ಸ್‌ಬಾಕ್ಸ್ 360 ಅನ್ನೋ ಕನ್ಸೋಲ್‌ಗಳು, ಅಂದ್ರೆ ಟಿವಿಗೆ ಹಾಕಿ ಗೇಮ್ ಆಡೋ ಮೆಷಿನ್‌ಗಳು, ಜೋರಾಗಿದ್ದ ಕಾಲದಲ್ಲಿ. ಕಾರಣ ಮಾರ್ಜಿನ್, ಇನ್ನೇನೂ ಇಲ್ಲ. ಹೊಸ ಗೇಮ್ ಮಾರಿದ್ರೆ ಅಂಗಡಿಯವನ ಕೈಲಿ ಉಳಿಯೋದು ಕಮ್ಮಿ, ರೇಟು ಪಬ್ಲಿಷರ್, ಅಂದ್ರೆ ಗೇಮ್ ಬಿಡುಗಡೆ ಮಾಡೋ ಕಂಪನಿ ಕೈಲಿರುತ್ತೆ. ಆಗ ಅಮೆರಿಕದಲ್ಲಿ ಗೇಮ್ ಅಂಗಡಿಗಳನ್ನ ನಡೆಸೋ ಗೇಮ್‌ಸ್ಟಾಪ್ ಕಂಪನಿ ತನ್ನ ಲೆಕ್ಕದಲ್ಲಿ ತೋರಿಸ್ತಿದ್ದದ್ದು ಹೊಸ ಗೇಮ್ ಮೇಲೆ ಸುಮಾರು 20%, ಹಳೇದರ ಮೇಲೆ 45%ಗೂ ಜಾಸ್ತಿ ಮಾರ್ಜಿನ್. ಆ ಎರಡು ಅಂಕಿ ನೋಡಿದ ಯಾವ ಅಂಗಡಿಯವನಿಗೂ ಆಸೆ ಹುಟ್ಟುತ್ತೆ. 2014ರಲ್ಲಿ ವಾಲ್‌ಮಾರ್ಟ್ ಅಂಥ ವಾಲ್‌ಮಾರ್ಟೇ ಹಳೇ ಗೇಮ್ ವಾಪಸ್ ತಗೋತೀವಿ ಅಂತ ಹೊರಟಿತ್ತು ಅಂದ್ಮೇಲೆ ನಮ್ಮಂಥವರ ಮಾತೇನು.

ಈಗ ತಪ್ಪಿನ ವಿಷಯಕ್ಕೆ ಬರ್ತೀನಿ. ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಮಾಡೋವಾಗ ಅದು ತಪ್ಪು ಅಂತ ಅನ್ಸೋದೇ ಇಲ್ಲ, ಬುದ್ಧಿವಂತಿಕೆ ಅನ್ಸುತ್ತೆ. ಕೌಂಟರಲ್ಲಿ ಇದ್ದೋರೆಲ್ಲ ಫ್ರಿಜ್, ಟಿವಿ ಮಾರಿ ಪಳಗಿದವರು, ಗೇಮ್ ಆಡೋರು ಒಬ್ರೂ ಇರ್ಲಿಲ್ಲ. ಹಾಗಾಗಿ ಯಾರು ನಿಂತಿದ್ರೂ ನಡೀಬೇಕು ಅಂತ ಒಂದು ಹಾಳೇಲಿ ರೂಲ್ ಬರೆದು ಅಂಟಿಸಿದೆ: ಡಿಸ್ಕ್ ಓಡ್ಬೇಕು, ಬಾಕ್ಸ್ ಇರ್ಬೇಕು, ಗೇಮ್ ಬಿಡುಗಡೆ ಆದಾಗ ಇದ್ದ ರೇಟಿನ ನಾಲ್ಕನೇ ಒಂದು ಭಾಗ ಕೊಟ್ಟು ತಗೊಳ್ಳಿ. ಎಲ್ಲಾ ಗೇಮಿಗೂ ಇದೇ. ಅರ್ಧ ರೇಟಿಗೆ ಮಾರಿದ್ರೂ ಹಾಕಿದ್ದು ಡಬಲ್ ಆಗುತ್ತಲ್ಲ ಅಂತ ಲೆಕ್ಕ ನನ್ನದು.

ಆದ್ರೆ ಗೇಮ್ ಮಾರೋಕೆ ಬರೋನಿಗೆ ಅದರ ಬೆಲೆ ನಮಗಿಂತ ಚೆನ್ನಾಗಿ ಗೊತ್ತಿರುತ್ತೆ. ಬೆಲೆ ಬಿದ್ದಿರೋ ಗೇಮಿಗೆ ನಮ್ಮ ನಾಲ್ಕನೇ ಒಂದು ಭಾಗ ತುಂಬಾ ಜಾಸ್ತಿ, ಬೆಲೆ ನಿಂತಿರೋ ಗೇಮಿಗೆ ತುಂಬಾ ಕಮ್ಮಿ. ಅಂದ್ರೆ ಯಾವ ಗೇಮಿಗೆ ನಾವು ಮೋಸ ಹೋಗ್ತೀವೋ ಸರಿಯಾಗಿ ಆ ಗೇಮೇ ನಮ್ಮ ಕೌಂಟರಿಗೆ ಬರೋದು, ಒಳ್ಳೇದೆಲ್ಲ ತಂದೋರು ರೇಟ್ ಕೇಳಿ ವಾಪಸ್ ಬ್ಯಾಗಿಗೆ ಹಾಕ್ಕೊಂಡು ಹೋಗಿ ಗೆಳೆಯರಿಗೆ ಮಾರ್ಕೊಳ್ಳೋದು. ಕೆಲವೇ ತಿಂಗಳಲ್ಲಿ ರ‍್ಯಾಕ್ ತುಂಬಾ ಫುಟ್‌ಬಾಲ್, ಬ್ಯಾಸ್ಕೆಟ್‌ಬಾಲ್, ಕುಸ್ತಿ ಗೇಮ್‌ಗಳು. ವರ್ಷಾ ವರ್ಷಾ ಹೊಸದು ಬರೋ ಈ ಸ್ಪೋರ್ಟ್ಸ್ ಗೇಮ್ ಇದ್ಯಲ್ಲ, ಮುಂದಿನದು ಬಂದ ದಿನ ಹೋದ ವರ್ಷದ ಕ್ಯಾಲೆಂಡರ್ ಥರ ಆಗ್ಬಿಡುತ್ತೆ, ಆಟಗಾರರ ಪಟ್ಟಿ ಹಳೇದು, ಆನ್‌ಲೈನಲ್ಲಿ ಜೊತೆಗೆ ಆಡೋಕೆ ಜನ ಇರಲ್ಲ, ಕೆಲವು ವರ್ಷ ಆದ್ಮೇಲೆ ಕಂಪನಿ ಸರ್ವರನ್ನೇ ಮುಚ್ಚುತ್ತೆ. ಅದೂ ಸಾಲದು ಅಂತ ಇಂಥ ಸ್ಪೋರ್ಟ್ಸ್ ಗೇಮ್ ಬಿಡೋ ಇಎ ಕಂಪನಿ 2010ರಲ್ಲಿ ಆನ್‌ಲೈನ್ ಪಾಸ್ ಅಂತ ತಂದಿತ್ತು, ಹೊಸ ಬಾಕ್ಸಲ್ಲಿ ಒಂದ್ಸಲ ಮಾತ್ರ ನಡೆಯೋ ಕೋಡ್, ಸೆಕೆಂಡ್ ಹ್ಯಾಂಡಲ್ಲಿ ತಗೊಂಡೋನು ಆನ್‌ಲೈನ್ ಆಡ್ಬೇಕು ಅಂದ್ರೆ ಮತ್ತೆ ದುಡ್ಡು ಕಟ್ಬೇಕು. 2013ರಲ್ಲಿ ಅದನ್ನ ಕೈಬಿಟ್ರು, ಆದ್ರೆ ಅಷ್ಟೊತ್ತಿಗೆ ಆ ಬಾಕ್ಸ್‌ಗಳು ನನ್ನ ರ‍್ಯಾಕಲ್ಲಿ ಇದ್ವು. ನನ್ನ ಹಾಳೇಲಿದ್ದ ರೂಲಿಗೆ ಈ ಕೋಡ್ ಅನ್ನೋದೇ ಕಾಣಿಸ್ತಿರ್ಲಿಲ್ಲ, ಡಿಸ್ಕ್ ಓಡುತ್ತೆ, ಬಾಕ್ಸ್ ಇದೆ, ತಗೊಂಡ್ರು. ಸ್ಪೋರ್ಟ್ಸ್ ಅಲ್ಲದೇ ಇದ್ದದ್ದಕ್ಕೂ ಬೇರೆ ಏಟು ಬಿತ್ತು. ಎಕ್ಸ್‌ಟ್ರಾ ಕಂಟೆಂಟ್ ಎಲ್ಲಾ ಸೇರಿಸಿ ಅದೇ ಗೇಮಿನ ಹೊಸ ಎಡಿಷನ್ ಕಮ್ಮಿ ರೇಟಿಗೆ ಬರುತ್ತೆ, ಆಮೇಲೆ ನಮ್ಮ ಹತ್ರ ಇರೋ ಹಳೇ ಖಾಲಿ ಎಡಿಷನ್ ಯಾರಿಗೆ ಬೇಕು ಹೇಳಿ. ರೇಟ್ ಅರ್ಧಕ್ಕೆ ಇಳಿಸಿದೆ, ಆಮೇಲೆ ಹಾಕಿದ ದುಡ್ಡಿಗೆ ಇಳಿಸಿದೆ, ಆಮೇಲೆ ಹೆಡ್‌ಫೋನ್ ತಗೊಂಡೋರಿಗೆ ಫ್ರೀ ಕೊಟ್ಟೆ. ಒಂದು ಮೂಲೆ ರ‍್ಯಾಕ್‌ನಿಂದ ಆಗಿದ್ದು ಚಿಲ್ಲರೆ ನಷ್ಟ ಅಲ್ಲ, ಟಿವಿ ಸೇಲ್ಸ್ ಲಾಭಾನ ಅಲ್ಲಿಗೆ ಸುರಿದು ಮುಚ್ಚಿದ್ದು.

ಡಿಸ್ಕ್ ಓಡ್ಬೇಕು ಅನ್ನೋ ರೂಲೂ ಅರ್ಧ ಸುಳ್ಳು. ಮೆನು ಬಂದ್ರೆ ಓಡಿತು ಅಂತ ಅಲ್ಲ, ಗೀಚಿರೋ ಡಿಸ್ಕ್ ಗೇಮಿನ ಮಧ್ಯದಲ್ಲಿ ಎಲ್ಲೋ ನಿಂತ್ಕೊಳ್ಳುತ್ತೆ. ಎಕ್ಸ್‌ಬಾಕ್ಸ್ 360 ಡಿಸ್ಕಲ್ಲಿ ಬಳೆ ಥರ ದುಂಡಗೆ ಗೆರೆ ಇದ್ರೆ ಡಿಸ್ಕ್ ತಿರುಗೋವಾಗ ಕನ್ಸೋಲ್ ಅಲ್ಲಾಡಿಸಿದಾರೆ ಅಂತ ಅರ್ಥ, ಮುಟ್ಟಬೇಡಿ. ಪಾಲಿಶ್ ಮಾಡೋ ಮೆಷಿನ್ ತಗೊಂಡು ಗೀಚು ತೆಗೀತೀನಿ ಅನ್ಕೊಂಡಿದ್ರೆ, ಅದು ಡಿವಿಡಿಗೆ ಸರಿ, ಅದರಲ್ಲಿ ಡೇಟಾ 0.6 ಮಿಲಿಮೀಟರ್ ಒಳಗಿರುತ್ತೆ. ಬ್ಲೂ-ರೇ ಡಿಸ್ಕಲ್ಲಿ ಡೇಟಾ ಇರೋದು ಮೇಲ್ಮೈಯಿಂದ ಬರೀ 0.1 ಮಿಲಿಮೀಟರ್ ಕೆಳಗೆ, ಉಜ್ಜಿದ್ರೆ ಡಿಸ್ಕೇ ಹೋಗುತ್ತೆ. ಪ್ಲೇಸ್ಟೇಷನ್ 3ರಿಂದ ಈಚೆಗೆ ಪ್ಲೇಸ್ಟೇಷನ್ ಡಿಸ್ಕ್ ಎಲ್ಲಾ ಬ್ಲೂ-ರೇನೇ.

ಹಾಗಾದ್ರೆ ಮಾಡ್ಬಹುದಾ ಅಂದ್ರೆ, ನಿಮ್ಮಲ್ಲಿ ಗೇಮ್ ಗೊತ್ತಿರೋ ಒಬ್ರು ಕೌಂಟರಲ್ಲಿ ದಿನಾ ಇದ್ರೆ ಮಾಡಿ, ಇಲ್ಲಾಂದ್ರೆ ಬೇಡ, ಇದರಲ್ಲಿ ನಾನು ರಾಜಿ ಆಗಲ್ಲ. ಅವರು ವಾರ ವಾರ ಲಿಸ್ಟ್ ಮಾಡ್ಬೇಕು, ಈಗ ಸೆಕೆಂಡ್ ಹ್ಯಾಂಡಲ್ಲಿ ಎಷ್ಟಕ್ಕೆ ಹೋಗ್ತಿದೆ, ನಮ್ಮತ್ರ ಎಷ್ಟು ಕಾಪಿ ಆಗ್ಲೇ ಇದೆ, ಅದರ ಮೇಲೆ ತಗೊಳ್ಳೋ ರೇಟು. ಬಿಡುಗಡೆ ರೇಟನ್ನ ಮರೆತುಬಿಡಿ. ಒಂದೇ ಗೇಮ್ ಮೂರ್ನಾಲ್ಕು ಕಾಪಿ ಇದ್ರೆ ಮುಂದಿನೋರಿಗೆ ಬೇಡ ಅಂತ ಹೇಳೋ ಧೈರ್ಯ ಇರ್ಬೇಕು, ಬೇಜಾರಾದ್ರೂ ಪರ್ವಾಗಿಲ್ಲ. ನಿಂಟೆಂಡೋ ಕಂಪನಿ ತನ್ನದೇ ಮಾರಿಯೋ, ಜೆಲ್ಡಾ ಥರದ ಗೇಮಿಗೆ ವರ್ಷಗಟ್ಟಲೆ ರೇಟ್ ಇಳಿಸಲ್ಲ, ಹಾಗಾಗಿ ಹಳೇ ಕಾಪಿಗೂ ಬೆಲೆ ನಿಲ್ಲುತ್ತೆ, ಅಂಥದ್ದಕ್ಕೆ ಧಾರಾಳವಾಗಿ ಕೊಡಿ. ತಗೊಳ್ಳೋವಾಗ ಗುರುತಿನ ಚೀಟಿ ನೋಡಿ ಬರ್ಕೊಳ್ಳಿ, ಕದ್ದ ಮಾಲು ಬರೋದು ಜಾಸ್ತಿ.

ಇನ್ನೊಂದು, ಕ್ಯಾಶ್ ಕೊಡ್ಬೇಡಿ, ಸ್ಟೋರ್ ಕ್ರೆಡಿಟ್ ಕೊಡಿ, ಅಂದ್ರೆ ಅಷ್ಟು ಬೆಲೆಗೆ ನಿಮ್ಮ ಅಂಗಡೀಲೇ ಏನಾದ್ರೂ ತಗೊಳ್ಳೋ ಚೀಟಿ. ಗೇಮ್ ಮಾತ್ರ ಮಾರೋ ಅಂಗಡಿಗಿಂತ ನಿಮ್ಮ ಅಂಗಡಿಗೆ ಇರೋ ಅನುಕೂಲ ಇದೊಂದೇ. ಹಳೇ ಗೇಮ್ ಕೊಟ್ಟು ಅದೇ ಕ್ರೆಡಿಟಲ್ಲಿ ಹೆಡ್‌ಫೋನೋ ಟಿವಿಯೋ ತಗೋಬಹುದು ಅಂದ್ರೆ ಜನ ಸ್ವಲ್ಪ ಕಮ್ಮಿ ರೇಟಿಗೂ ಒಪ್ತಾರೆ, ದುಡ್ಡೂ ಅಂಗಡಿ ಬಿಟ್ಟು ಹೋಗಲ್ಲ. ವಾಲ್‌ಮಾರ್ಟ್ ಮಾಡಿದ್ದೂ ಇದನ್ನೇ, ಕ್ರೆಡಿಟನ್ನ ಅಂಗಡೀಲಿ ಏನು ಬೇಕಾದ್ರೂ ತಗೊಳ್ಳೋಕೆ ಬಿಟ್ಟಿತ್ತು.

ಇದಕ್ಕೆಲ್ಲ ಮುಂಚೆ ನೀವು ಈಗ ಮಾರ್ತಿರೋದ್ರಲ್ಲಿ ಎಷ್ಟು ಕನ್ಸೋಲಿಗೆ ಡಿಸ್ಕ್ ಡ್ರೈವ್, ಅಂದ್ರೆ ಡಿಸ್ಕ್ ಹಾಕೋ ಜಾಗ, ಇದೆ ಅಂತ ಬಿಲ್ ತೆಗೆದು ನೋಡಿ. 2013ರಲ್ಲಿ ಎಕ್ಸ್‌ಬಾಕ್ಸ್ ಒನ್‌ಗೆ ಹಳೇ ಡಿಸ್ಕ್ ಮಾರೋದಕ್ಕೆ ನಿರ್ಬಂಧ ಹಾಕೋಕೆ ಹೋಗಿ ಜನ ರೊಚ್ಚಿಗೆದ್ದಿದ್ದಕ್ಕೆ ಮೈಕ್ರೋಸಾಫ್ಟ್ ಜೂನಲ್ಲೇ ಹಿಂದೆ ಸರೀತು. ಆದ್ರೆ ಅವತ್ತು ರೂಲಿಂದ ಆಗದೇ ಇದ್ದದ್ದು ಈಗ ಡ್ರೈವೇ ಇಲ್ಲದ ಮಾಡೆಲ್‌ಗಳಿಂದ ಆಗ್ತಿದೆ, ಎಕ್ಸ್‌ಬಾಕ್ಸ್ ಸೀರೀಸ್ ಎಸ್‌ಗೆ ಡ್ರೈವ್ ಇಲ್ಲ, 2024ರ ಪ್ಲೇಸ್ಟೇಷನ್ 5 ಪ್ರೋಗೆ ಡ್ರೈವ್ ಬೇರೆ ತಗೋಬೇಕು. ನಿಂಟೆಂಡೋದ ಸ್ವಿಚ್ 2 ಕನ್ಸೋಲಿನ ಗೇಮ್-ಕೀ ಕಾರ್ಡಲ್ಲಿ ಗೇಮೇ ಇರಲ್ಲ, ಕಾರ್ಡ್ ಬರೀ ಕೀಲಿ, ಗೇಮ್ ಡೌನ್‌ಲೋಡ್ ಆಗ್ಬೇಕು. ಅದನ್ನ ಮರುಮಾರಾಟ ಮಾಡ್ಬಹುದು, ಆದ್ರೆ ಡೌನ್‌ಲೋಡ್ ಸರ್ವರ್ ಇರೋವರೆಗೆ ಮಾತ್ರ, ತಗೊಳ್ಳೋ ರೇಟಲ್ಲಿ ಅದನ್ನೂ ಹಿಡೀರಿ. ನಿಮ್ಮ ಬಿಲ್‌ಗಳಲ್ಲಿ ಡ್ರೈವ್ ಇಲ್ಲದ ಕನ್ಸೋಲೇ ಜಾಸ್ತಿ ಇದ್ರೆ ಆ ರ‍್ಯಾಕಲ್ಲಿ ಕಂಟ್ರೋಲರ್, ಮೆಮೊರಿ ಇಡಿ. ಡ್ರೈವ್ ಇರೋದು ಜಾಸ್ತಿ ಇದ್ದು, ಗೇಮ್ ಆಡೋರು ಒಬ್ರು ನಿಮ್ಮಲ್ಲಿ ಕೆಲಸಕ್ಕಿದ್ರೆ ಕೆಳಗೆ ಬರೀರಿ, ಮೊದಲ ಲಿಸ್ಟ್ ಮಾಡೋಕೆ ನಾನೇ ಕೂತು ಸಹಾಯ ಮಾಡ್ತೀನಿ.