ಯುಕೆಜಿ ಮಗುವಿಗೆ ಮನೆಯಲ್ಲಿ ಜಾಸ್ತಿ ಬರೆಸಬೇಕಾ?

ದಸರಾ ರಜೆ ಮುಗಿದು ಎರಡು ತಿಂಗಳಾದರೂ ಮಗಳ ಅಕ್ಷರ ದುಂಡಗಾಗಿಲ್ಲ, ದಿನಾ ಎರಡು ಪುಟ ಬರೆಸಲಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಮೊದಲು ಬೆರಳಿಗೆ ಬಲ ಬರಲಿ. ಮಣಿಕಟ್ಟಿನ 8 ಪುಟ್ಟ ಮೂಳೆಗಳಲ್ಲಿ ಕೆಲವು 5 ವರ್ಷಕ್ಕೆ ಇನ್ನೂ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಬೆರಳಿನ ಸಣ್ಣ ಸ್ನಾಯುಗಳೂ ಬಲಿಯಬೇಕು. ಹಾಗಾಗಿ ಕೈ ಬೇಗ ಸೋಲುತ್ತದೆ.

ನಮ್ಮ ಮೈಸೂರಲ್ಲಿ ಈಗ ಅವರೆಕಾಯಿ ಕಾಲ, ಅಲ್ವಾ? ಪಕ್ಕದಲ್ಲಿ ಕೂರಿಸಿಕೊಂಡು ಕಾಯಿ ಬಿಡಿಸಲು, ನೆನೆದ ಕಾಳು ಹಿತುಕಲು ಕೊಡಿ. ಹೆಬ್ಬೆರಳು, ತೋರುಬೆರಳು ಸೇರಿಸಿ ಒತ್ತುವ ಆ ಹಿಡಿತವೇ ಪೆನ್ಸಿಲ್‌ಗೂ ಬೇಕು. ಹತ್ತತ್ತು ಕಾಳಿನ ಗುಂಪು ಮಾಡಿಸಿದರೆ ಎಣಿಕೆಯೂ ಆಯಿತು.

ಶಾಲೆಯಲ್ಲಿ ಯಾವ ಅಕ್ಷರಕ್ಕೆ ತಡವರಿಸುತ್ತಾಳೆ ಅಂತ ಮಿಸ್ ಹತ್ತಿರ ಕೇಳಿ. ಅಷ್ಟನ್ನೇ ಮನೆಯಲ್ಲಿ ಹತ್ತು ನಿಮಿಷ ತಿದ್ದಿಸಿ, ಸಾಕು.