ಒಂದು ವರ್ಷ ಕಾರುಗಳ ಬೆನ್ನು ಹತ್ತಿದರೆ ಏನು ದಕ್ಕುತ್ತದೆ?

ಪುಣೆಗೆ ಓದಲು ಬಂದಿರುವ ನೀವು ಎರಡು ಸಂಗತಿಗಳನ್ನು ಕೇಳಿದ್ದೀರಿ: ಬಿಡುವಿನ ವೇಳೆಯನ್ನೆಲ್ಲ ಒಂದು ವರ್ಷ ಕಾರುಗಳಿಗೇ ಮೀಸಲಿಟ್ಟವನಿಗೆ ಏನು ದಕ್ಕುತ್ತದೆ, ಮತ್ತು ಸ್ವಂತ ಕಾರಿಲ್ಲದ ವಿದ್ಯಾರ್ಥಿ ಈ ಆಸಕ್ತಿಯನ್ನು ಎಲ್ಲಿಂದ ಆರಂಭಿಸಬೇಕು. ನಾನು ಧಾರವಾಡದವನು, ಚಿಂಚವಡದಲ್ಲಿ ನೆಲೆಸಿ ಲೆಕ್ಕಪತ್ರದ ಕೆಲಸ ಮಾಡುತ್ತಿದ್ದೇನೆ. ವಾಹನ ಉದ್ಯಮಕ್ಕೂ ನನ್ನ ನೌಕರಿಗೂ ಸಂಬಂಧವಿಲ್ಲ. ಆದರೆ ಕಳೆದ ವರ್ಷವಿಡೀ ಗೆಳೆಯರ ಕಾರುಗಳನ್ನು ಕೇಳಿ ಪಡೆದು ಓಡಿಸಿದ್ದೇನೆ, ಗ್ಯಾರೇಜುಗಳಲ್ಲಿ ಗಂಟೆಗಟ್ಟಲೆ ಕುಳಿತಿದ್ದೇನೆ, ತಿಳಿದವರನ್ನು ಬಿಡದೆ ಪ್ರಶ್ನಿಸಿದ್ದೇನೆ. ಹಾಗೆ ಕಂಡುಕೊಂಡದ್ದರಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿದ್ದು ಇಷ್ಟು: ಷೋರೂಮಿನಲ್ಲಿ ಕೊಡುವ ಅಂಕಿಗಳ ಪಟ್ಟಿಯಿಂದ ಕಾರು ಅರ್ಥವಾಗುವುದಿಲ್ಲ. ಅದು ಯಾವ ರಸ್ತೆಯಲ್ಲಿ ಓಡಬೇಕಾಗಿದೆ, ಯಾವ ಕಾನೂನಿನ ಒಳಗೆ ಹುಟ್ಟಿತು, ಯಾರ ಗಳಿಕೆಗೆ ಆಧಾರವಾಯಿತು ಎಂದು ವಿಚಾರಿಸುತ್ತ ಹೋದಂತೆ ಅದೇ ಅಂಕಿಗಳಿಗೆ ಅರ್ಥ ಬರುತ್ತದೆ.

ರಸ್ತೆಯ ಮಾತು ಮೊದಲು. ಪುಣೆಯಲ್ಲಿರುವ ನಮಗೆ ಮುಂಬೈ ದಾರಿಯ ಬೋರ್ ಘಾಟಿಗಿಂತ ಒಳ್ಳೆಯ ಪಾಠಶಾಲೆ ಬೇಕಿಲ್ಲ. ಖೋಪೋಲಿಯಿಂದ ಖಂಡಾಲಕ್ಕೆ ಬರುವಷ್ಟರಲ್ಲಿ ರಸ್ತೆ ಸುಮಾರು 500 ಮೀಟರ್ ಮೇಲೇರುತ್ತದೆ. ನಾಲ್ಕು ಜನ, ಅವರ ಸಾಮಾನು, ಚಾಲೂ ಇರುವ ಏಸಿ, ಮುಂದೆ ನಿಧಾನವಾಗಿ ಏರುತ್ತಿರುವ ಲಾರಿ, ಇಷ್ಟೆಲ್ಲ ಸೇರಿದಾಗ ಗರಿಷ್ಠ ಅಶ್ವಶಕ್ತಿ ಎಷ್ಟು ಎಂಬ ಸಂಖ್ಯೆ ಹಿಂದೆ ಸರಿದು, ಟಾರ್ಕ್ ಎಂಬ ತಿರುಗುಬಲ ಎಂಜಿನ್ನಿನ ಯಾವ ವೇಗದಲ್ಲಿ ದೊರೆಯುತ್ತದೆ ಎಂಬುದು ಮುಂದೆ ಬರುತ್ತದೆ. ಟರ್ಬೊ, ಅಂದರೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ, ಇಲ್ಲದ 1.2 ಲೀಟರಿನ ಸಾಮಾನ್ಯ ಪೆಟ್ರೋಲ್ ಎಂಜಿನ್ ತನ್ನ ಸುಮಾರು 110 ನ್ಯೂಟನ್ ಮೀಟರ್ ಟಾರ್ಕನ್ನು ನಿಮಿಷಕ್ಕೆ 4000 ಸುತ್ತುಗಳನ್ನು ದಾಟಿದ ಮೇಲೆಯೇ ಪೂರ್ಣವಾಗಿ ಕೊಡುತ್ತದೆ. ಆದ್ದರಿಂದ ಏರಿನಲ್ಲಿ ಎರಡನೆಯ ಗೇರಿಗೆ ಇಳಿಸಿ ಅದನ್ನು ಧೈರ್ಯವಾಗಿ ಕೂಗಿಸಬೇಕಾಗುತ್ತದೆ. ನಮ್ಮ ಪಕ್ಕದ ಚಾಕಣದಲ್ಲಿ ತಯಾರಾಗುವ ಫೋಕ್ಸ್‌ವ್ಯಾಗನ್ ವರ್ಟಸ್ ಕಾರಿನ ಒಂದು ಲೀಟರಿನ ಟರ್ಬೊ ಎಂಜಿನ್ ಗಾತ್ರದಲ್ಲಿ ಅದಕ್ಕಿಂತ ಚಿಕ್ಕದು, ಮೂರೇ ಸಿಲಿಂಡರಿನದು. ಆದರೂ 178 ನ್ಯೂಟನ್ ಮೀಟರ್ ಟಾರ್ಕನ್ನು 1750 ಸುತ್ತುಗಳಿಂದಲೇ ಒದಗಿಸುವುದರಿಂದ ಅದೇ ಏರನ್ನು ಮೂರನೆಯ ಗೇರಿನಲ್ಲಿ ಸಮಾಧಾನದಿಂದ ಏರುತ್ತದೆ. ಈ ವ್ಯತ್ಯಾಸವನ್ನು ಓದಿ ತಿಳಿಯುವುದೇ ಬೇರೆ, ಒಮ್ಮೆ ಪಾದದಲ್ಲಿ ಅನುಭವಿಸುವುದೇ ಬೇರೆ.

ಇಳಿಯುವಾಗಿನ ಪಾಠ ಇನ್ನೂ ಮುಖ್ಯವಾದದ್ದು, ಏಕೆಂದರೆ ಅಲ್ಲಿ ಪ್ರಾಣದ ಪ್ರಶ್ನೆ ಇದೆ. ಪೆಟ್ರೋಲ್ ಉಳಿಯುತ್ತದೆಂದು ಘಾಟಿಯಲ್ಲಿ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿ ಇಳಿಸುವವರನ್ನು ನೀವೂ ನೋಡಿರುತ್ತೀರಿ. ಇಂದಿನ ಫ್ಯುಯೆಲ್ ಇಂಜೆಕ್ಷನ್ ಕಾರುಗಳಲ್ಲಿ ಆ ಲೆಕ್ಕ ತಿರುಗುಮುರುಗಾಗಿದೆ: ಗೇರಿನಲ್ಲಿದ್ದು ಎಕ್ಸಲರೇಟರಿನಿಂದ ಕಾಲು ತೆಗೆದರೆ ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ ಮತ್ತು ಕಂಪ್ಯೂಟರು ಇಂಧನವನ್ನು ಪೂರ್ತಿ ನಿಲ್ಲಿಸಿಬಿಡುತ್ತದೆ, ನ್ಯೂಟ್ರಲ್‌ನಲ್ಲಿದ್ದರೆ ಎಂಜಿನ್ ಆರದಂತೆ ಇಂಧನ ಉರಿಯುತ್ತಲೇ ಇರಬೇಕು. ಹಾಗಾಗಿ ನ್ಯೂಟ್ರಲ್‌ನಿಂದ ಉಳಿತಾಯವೂ ಇಲ್ಲ, ಎಂಜಿನ್ನೇ ಗಾಡಿಯ ವೇಗವನ್ನು ತಡೆಯುವ ಎಂಜಿನ್ ಬ್ರೇಕಿಂಗಿನ ನೆರವೂ ಇಲ್ಲ. ಇಡೀ ಭಾರವನ್ನು ಬ್ರೇಕುಗಳೇ ಹೊತ್ತು ಕಾದುಹೋಗುತ್ತವೆ. ಭೋಸರಿಯಲ್ಲಿ ಗ್ಯಾರೇಜು ಇಟ್ಟುಕೊಂಡಿರುವ, ಇಂಡಿ ತಾಲ್ಲೂಕಿನ ಕಡೆಯ ಮೇಸ್ತ್ರಿಯೊಬ್ಬರು ನನಗೆ ಇದನ್ನು ಒಂದೇ ಮಾತಿನಲ್ಲಿ ಹೇಳಿಕೊಟ್ಟರು: "ಹತ್ತೂ ಮುಂದ ಸುಟ್ಟ ವಾಸನಿ ಬಂತಂದ್ರ ಕ್ಲಚ್ ರೀ, ಇಳಿಯೂ ಮುಂದ ಬಂತಂದ್ರ ಬ್ರೇಕ್." ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ ಎಂದೂ, ಕೊಂಕಣದ ಮಳೆಯಲ್ಲಿ ಓಡುವ ಗಾಡಿಗೆ ಅದನ್ನು ಕಾಲಕಾಲಕ್ಕೆ ಬದಲಾಯಿಸಲೇಬೇಕೆಂದೂ ಅವರೇ ತಿಳಿಸಿದರು. ಡಾಟ್ 4 ದರ್ಜೆಯ ಹೊಸ ಆಯಿಲ್ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು. ತೇವ ಹೀರಿದ ಸ್ಥಿತಿಯಲ್ಲಿ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ಆಯಿಲ್ ಕುದ್ದು ಆವಿಯಾದರೆ ಪೆಡಲ್ ನೆಲ ಮುಟ್ಟುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ.

ಮೈಲೇಜಿನ ವಿಷಯ ಚುಟುಕಾಗಿ ಹೇಳುತ್ತೇನೆ. ಕೋಥ್ರೂಡಿನ ಬಳಿ ಗುಡ್ಡದ ಮೇಲೆ ಕಾಣುವ ಎಆರ್‌ಎಐ, 1966ರಲ್ಲಿ ಸ್ಥಾಪನೆಯಾದ ಸಂಶೋಧನಾ ಸಂಸ್ಥೆ. ಜಾಹೀರಾತಿನಲ್ಲಿ ಕಾಣುವ ಮೈಲೇಜನ್ನು ಜನ ಅದರ ಹೆಸರಿನಿಂದಲೇ ಗುರುತಿಸುತ್ತಾರೆ. ಆ ಪರೀಕ್ಷೆ ಪ್ರಯೋಗಾಲಯದ ಉರುಳೆಗಳ ಮೇಲೆ, ಏಸಿ ಆರಿಸಿ, ಗಂಟೆಗೆ 90 ಕಿಲೋಮೀಟರ್ ಮೀರದ ನಿಗದಿತ ವೇಗಕ್ರಮದಲ್ಲಿ ನಡೆಯುತ್ತದೆ. ಅದು ಸುಳ್ಳಲ್ಲ, ಎರಡು ಕಾರುಗಳನ್ನು ಸಮಾನ ನೆಲೆಯಲ್ಲಿ ಹೋಲಿಸಲು ಇರುವ ಅಳತೆ ಅದು. ಹಿಂಜವಡಿಯ ಸಂಜೆಯ ದಟ್ಟಣೆಯಲ್ಲಿ ನಿಮ್ಮ ಗಾಡಿ ಎಷ್ಟು ಕೊಡುತ್ತದೆಂದು ಅದು ಹೇಳಲಾರದು.

ಈಗ ಗಳಿಕೆಯ ಮಾತಿಗೆ ಬರುತ್ತೇನೆ. ಈ ವರ್ಷ ನನ್ನ ಮನಸ್ಸನ್ನು ಹೆಚ್ಚು ತುಂಬಿದ್ದು ಯಾವ ಹೊಸ ಕಾರೂ ಅಲ್ಲ, ಮುಂಬೈಯ ಪ್ರೀಮಿಯರ್ ಪದ್ಮಿನಿ. ವಾಲ್‌ಚಂದ್ ಹಿರಾಚಂದ್ ಅವರು 1944ರಲ್ಲಿ ಕಟ್ಟಿದ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿ ತನ್ನ ಕುರ್ಲಾ ಕಾರ್ಖಾನೆಯಲ್ಲಿ, ಇಟಲಿಯ ಫಿಯೆಟ್ 1100 ಮಾದರಿಯ ಆಧಾರದ ಮೇಲೆ 1964ರಿಂದ ತಯಾರಿಸಿದ ಕಾರು ಅದು. ಪದ್ಮಿನಿ ಎಂಬ ಹೆಸರು ಬಂದದ್ದು ಎಪ್ಪತ್ತರ ದಶಕದಲ್ಲಿ. 1089 ಸಿಸಿಯ ಎಂಜಿನ್, ಸ್ಟೀರಿಂಗ್ ಕಂಬಕ್ಕೆ ಜೋಡಿಸಿದ ಗೇರ್ ಹಿಡಿಕೆ, ಹಿಂದೆ ಪಟ್ಟಿ ಸ್ಪ್ರಿಂಗುಗಳು, ಮುಂದೆಯೂ ಅಡ್ಡಲಾಗಿ ಒಂದೇ ಉದ್ದದ ಸೀಟು. ಇವುಗಳಲ್ಲಿ ಒಂದೊಂದಕ್ಕೂ ಟ್ಯಾಕ್ಸಿಯ ಬದುಕಿನಲ್ಲಿ ಉಪಯೋಗವಿತ್ತು. ಗೇರ್ ಹಿಡಿಕೆ ನೆಲದಲ್ಲಿಲ್ಲದ ಕಾರಣ ಮುಂದಿನ ಸೀಟಿನಲ್ಲಿ ಕಾಲಿಗೆ ಅಡ್ಡಿಯಿರಲಿಲ್ಲ. ಪಟ್ಟಿ ಸ್ಪ್ರಿಂಗುಗಳು ಮೇಲಿನ ಕ್ಯಾರಿಯರಿನ ಟ್ರಂಕುಗಳನ್ನೂ ಒಳಗಿನ ಸಂಸಾರವನ್ನೂ ಒಟ್ಟಿಗೆ ಹೊರುತ್ತಿದ್ದವು. ಇಲೆಕ್ಟ್ರಾನಿಕ್ಸ್ ಇಲ್ಲದ ಎಂಜಿನ್ನನ್ನು ರಸ್ತೆಯ ಬದಿಯಲ್ಲೇ ಬಿಚ್ಚಿ ಕಟ್ಟಬಹುದಾಗಿತ್ತು. ಬಿಡಿಭಾಗಗಳಿಗೂ ದೂರ ಹೋಗಬೇಕಿರಲಿಲ್ಲ, ಕುರ್ಲಾದ ಸಿಎಸ್‌ಟಿ ರಸ್ತೆಯ ಅಂಗಡಿಸಾಲು ಹತ್ತಿರದಲ್ಲೇ ಇತ್ತು.

ಮಾಟುಂಗದಲ್ಲಿ ನನಗೆ ಪರಿಚಯವಾದ ಹಿರಿಯರೊಬ್ಬರು, ಕುಂದಾಪುರದ ಕಡೆಯವರು, ಮುಕ್ಕಾಲು ಆಯುಷ್ಯ ಪದ್ಮಿನಿಯನ್ನೇ ಓಡಿಸಿದವರು. ಬೇಸಿಗೆಯ ದಟ್ಟಣೆಯಲ್ಲಿ ಎಂಜಿನ್ನಿಗೆ ಇಂಧನ ತಳ್ಳುವ ಪಂಪಿನೊಳಗೇ ಪೆಟ್ರೋಲು ಆವಿಯಾಗಿ ಗಾಡಿ ನಿಂತುಹೋಗುತ್ತಿದ್ದ ಬಗೆಯನ್ನೂ, ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಮತ್ತೆ ಹೊರಡುತ್ತಿದ್ದ ಬಗೆಯನ್ನೂ ಅವರು ವಿವರಿಸುವಾಗ ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಎಂಜಿನ್ನಿಗೆ ಕೊಡುತ್ತಿದ್ದ ಕಾರ್ಬ್ಯುರೇಟರಿನ ಯುಗ ನನಗೆ ಕಣ್ಣಿಗೆ ಕಟ್ಟಿತು. ಆ ಮೇಲೆ ಟ್ಯಾಕ್ಸಿಗಳು ಸಿಎನ್‌ಜಿಗೆ ಬದಲಾದವು. ಅದೇ ಹಳೆಯ ಎಂಜಿನ್ ಹೊಸ ಇಂಧನವನ್ನೂ ಒಪ್ಪಿಕೊಂಡು ದುಡಿಯಿತು. ಕಾರ್ಖಾನೆಯಲ್ಲಿ ತಯಾರಿಕೆ ನಿಂತ ಬಳಿಕವೂ ಅದು ಎಷ್ಟು ಕಾಲ ಉಳಿಯಿತೆಂದರೆ, ತಾರದೇವ್ ಆರ್‌ಟಿಒದಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಮುಂಬೈಯಲ್ಲಿ ಟ್ಯಾಕ್ಸಿಗೆ 20 ವರ್ಷಗಳ ಮಿತಿ ಇರುವುದರಿಂದ 2023ರ ಅಕ್ಟೋಬರ್ ಕೊನೆಗೆ ಅದು ರಸ್ತೆಯಿಂದ ಇಳಿಯಿತು. ಪದ್ಮಿನಿಯನ್ನು ಬರೀ ಹಳೆಯ ನೆನಪಿನ ವಸ್ತುವಾಗಿ ನೋಡುವವರ ಬಗ್ಗೆ ನನಗೆ ಬೇಸರವಿದೆ. ಬಿಸಿಲು, ಉಪ್ಪುಗಾಳಿ, ನೆರೆ, ದಿನವಿಡೀ ದುಡಿಮೆ ಇವೆಲ್ಲವನ್ನೂ ದಶಕಗಳ ಕಾಲ ತಾಳಿಕೊಂಡ ಯಂತ್ರ, ವೇಗದ ಕಾರುಗಳಿಗೆ ಸಲ್ಲುವಷ್ಟೇ ಗಂಭೀರವಾದ ಅಧ್ಯಯನಕ್ಕೆ ಅರ್ಹವಾದದ್ದು.

ನಮ್ಮ ಪಿಂಪ್ರಿ-ಚಿಂಚವಡದ ಮಟ್ಟಿಗೆ ಆ ಸ್ಥಾನ ಟಾಟಾ ಇಂಡಿಕಾದ್ದು. 1998ರಲ್ಲಿ ಬಂದ ಆ ಕಾರಿನ ಹೊರರೂಪಕ್ಕೆ ಇಟಲಿಯ ಟ್ಯುರಿನ್ ನಗರದ ಐಡಿಯಾ ಸಂಸ್ಥೆಯ ನೆರವಿತ್ತು. ಆಸ್ಟ್ರೇಲಿಯಾದಲ್ಲಿ ನಿಸಾನ್ ಮುಚ್ಚಿದ್ದ ಕಾರ್ಖಾನೆಯ ಯಂತ್ರಗಳನ್ನು ಕೊಂಡು, ಬಿಚ್ಚಿ, ಇಲ್ಲಿಗೆ ತಂದು ಜೋಡಿಸಲಾಯಿತು. ಆರಂಭದಲ್ಲಿ ಕೊಂಡವರಿಂದ ದೂರುಗಳು ಬಂದದ್ದು ನಿಜ. 2001ರ ವಿ2 ಮಾದರಿಯಲ್ಲಿ ಅವುಗಳಿಗೆ ಉತ್ತರ ದೊರೆಯಿತು. 1405 ಸಿಸಿಯ ಡೀಸೆಲ್ ಎಂಜಿನ್ನಿನ ಈ ಚಿಕ್ಕ ಕಾರಿನಲ್ಲಿ ಐದು ಜನ ನಿಜವಾಗಿಯೂ ಕೂರಬಹುದಾಗಿತ್ತು. ಕಾರು ಬಾಡಿಗೆಗೆ ಬಿಟ್ಟು ಸಂಸಾರ ನಡೆಸಿದವರನ್ನು ಕೇಳಿದರೆ ಅದರ ಬೆಲೆ ತಿಳಿಯುತ್ತದೆ.

ಕಾನೂನು ಕಾರಿನ ಆಕಾರವನ್ನೇ ಕೊರೆಯುತ್ತದೆ ಎಂಬುದು ಲೆಕ್ಕಪತ್ರದವನಾದ ನನಗೆ ವಿಶೇಷವಾಗಿ ಹಿಡಿಸಿದ ವಿಷಯ. 2006ರ ಕೇಂದ್ರ ಬಜೆಟ್ಟಿನಲ್ಲಿ 4 ಮೀಟರ್ ಮೀರದ ಉದ್ದವಿರುವ, ಪೆಟ್ರೋಲ್ ಆದರೆ 1200 ಸಿಸಿ, ಡೀಸೆಲ್ ಆದರೆ 1500 ಸಿಸಿ ಮೀರದ ಕಾರುಗಳ ಅಬಕಾರಿ ಸುಂಕವನ್ನು, ಅಂದರೆ ತಯಾರಿಕೆಯ ಮೇಲಿನ ತೆರಿಗೆಯನ್ನು, 24ರಿಂದ 16 ಪ್ರತಿಶತಕ್ಕೆ ಇಳಿಸಲಾಯಿತು. ಆ ಮಿತಿಯೊಳಗೆ ಡಿಕ್ಕಿಯಿರುವ ಕಾರನ್ನು ಕೂರಿಸಲು ಟಾಟಾ 2008ರಲ್ಲಿ ಇಂಡಿಗೊ ಸಿಎಸ್ ತಂದಿತು. ಮಾರುತಿಯ ಡಿಜೈರ್ ಮೊದಲು 4 ಮೀಟರಿಗಿಂತ ಉದ್ದವಿದ್ದದ್ದು 2012ರಲ್ಲಿ 3995 ಮಿಲಿಮೀಟರಿಗೆ ಇಳಿಯಿತು. ಹಿಂಭಾಗವನ್ನು ಒಮ್ಮೆಲೇ ಕತ್ತರಿಸಿದಂತೆ ಕಾಣುವ ಆ ಸೆಡಾನುಗಳನ್ನು ವಿನ್ಯಾಸಗಾರನ ಕೊರತೆಯೆಂದು ತೆಗಳುವ ಮೊದಲು ಸುಂಕದ ಈ ಗೆರೆಯನ್ನು ನೆನೆಯಬೇಕು; ಆ ಗೆರೆಯೊಳಗೆ ಸೂಟ್‌ಕೇಸುಗಳಿಗೂ ಹಿಂದಿನ ಸೀಟಿನವರ ಮೊಣಕಾಲುಗಳಿಗೂ ಜಾಗ ಹೊಂದಿಸಿದ್ದು ದೊಡ್ಡ ಕೌಶಲ. 2025ರ ಸೆಪ್ಟೆಂಬರಿನ ಜಿಎಸ್‌ಟಿ ಬದಲಾವಣೆಯಲ್ಲೂ ಅದೇ ಅಳತೆಗಳು ಉಳಿದು, ಚಿಕ್ಕವಕ್ಕೆ 18, ದೊಡ್ಡವಕ್ಕೆ 40 ಪ್ರತಿಶತವಾಯಿತು. ಹೀಗಿರುವಾಗ ಆ ಗೆರೆ ಇನ್ನಷ್ಟು ಕಾಲ ನಮ್ಮ ಕಾರುಗಳ ರೂಪವನ್ನು ನಿರ್ಧರಿಸುವುದು ಖಂಡಿತ.

ಇನ್ನು ನೀವು ಎಲ್ಲಿಂದ ಆರಂಭಿಸಬೇಕು ಎಂಬುದಕ್ಕೆ. ನಿಮ್ಮ ವಸತಿಯ ಆಸುಪಾಸಿನಲ್ಲಿ ಬಾನೆಟ್ ತೆರೆದು ಕೆಲಸ ಮಾಡುವ ಒಂದು ಸಣ್ಣ ಗ್ಯಾರೇಜನ್ನು ಹುಡುಕಿಕೊಳ್ಳಿ. ಕೆಲಸಕ್ಕೆ ಅಡ್ಡಬರದಂತೆ ನಿಂತು ನೋಡುವವನನ್ನು ಮೇಸ್ತ್ರಿಗಳು ಸಾಮಾನ್ಯವಾಗಿ ಓಡಿಸುವುದಿಲ್ಲ, ಬದಲಾಗಿ ಸ್ಪ್ಯಾನರ್ ಕೊಡಲು ಹೇಳುತ್ತಾರೆ. ಬುಧವಾರ ಅಥವಾ ಭಾನುವಾರ ಮಂಗಳವಾರ ಪೇಠೆಯ ಜೂನಾ ಬಜಾರಿಗೆ ಹೋದರೆ ಹಳೆಯ ಬಿಡಿಭಾಗಗಳನ್ನು ಕೈಯಲ್ಲಿ ಹಿಡಿದು ನೋಡಬಹುದು. ಸವೆದ ಕ್ಲಚ್ ಪ್ಲೇಟನ್ನೊಮ್ಮೆ ಮುಟ್ಟಿ ನೋಡಿದವನು ಮುಂದೆ ಅರ್ಧ ಕ್ಲಚ್ಚಿನಲ್ಲಿ ಏರಿನ ಮೇಲೆ ಗಾಡಿ ನಿಲ್ಲಿಸಿಕೊಂಡಿರುವುದಿಲ್ಲ. ಗೆಳೆಯರ ಕಾರಿನಲ್ಲಿ ಹೊರಡುವಾಗ ಟೈರಿನ ಪಕ್ಕದಲ್ಲಿ ಒತ್ತಿರುವ ಕೊನೆಯ ನಾಲ್ಕು ಅಂಕಿಗಳನ್ನು ಓದಿ: 2319 ಎಂದಿದ್ದರೆ ಅದು 2019ರ 23ನೆಯ ವಾರದಲ್ಲಿ ತಯಾರಾದ ಟೈರು, ಮೇಲ್ಮೈಯ ಗೀರುಗಳು ಆಳವಾಗಿ ಕಂಡರೂ ರಬ್ಬರು ಮುಪ್ಪಾಗಿರುತ್ತದೆ. ಮುಂಬೈಗೆ ಮಳೆಗಾಲದಲ್ಲಿ ಹೋದರೆ ನೀರಿನಲ್ಲಿ ಆರಿಹೋದ ಎಂಜಿನ್ನನ್ನು ಮತ್ತೆ ಚಾಲೂ ಮಾಡಲು ಯಾರಿಗೂ ಬಿಡಬೇಡಿ; ಸಿಲಿಂಡರಿನೊಳಗೆ ನೀರು ಸೇರಿದ್ದರೆ ಪಿಸ್ಟನ್ ಅದನ್ನು ಒತ್ತಲಾರದೆ, ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿದ್ದ 2005ರ ಜುಲೈ 26ರ ಮಾತು ತೆಗೆದರೆ ಮುಂಬೈಯ ಮೇಸ್ತ್ರಿಗಳು ಇಂದಿಗೂ ಈ ಎಚ್ಚರಿಕೆಯನ್ನೇ ಮೊದಲು ಹೇಳುತ್ತಾರೆ.

ಮುಂದಿನ ವರ್ಷಕ್ಕೆ ನಾನು ಎತ್ತಿಕೊಂಡಿರುವುದು ಇದೇ ಬೋರ್ ಘಾಟಿಯಲ್ಲಿ ವಿದ್ಯುತ್ ಕಾರುಗಳ ನಡತೆ. ಇಳಿಜಾರಿನಲ್ಲಿ ಅವುಗಳ ಮೋಟರು ಜನರೇಟರಿನಂತೆ ತಿರುಗಿ ಬ್ಯಾಟರಿಗೆ ವಿದ್ಯುತ್ತನ್ನು ಹಿಂತಿರುಗಿಸುತ್ತದೆ, ಬ್ರೇಕಿನ ಕೆಲಸ ಅಷ್ಟು ಹಗುರವಾಗುತ್ತದೆ. ಆದರೆ ಬ್ಯಾಟರಿ ಪೂರ್ತಿ ತುಂಬಿದ್ದರೆ ಹಿಂತಿರುಗಿದ ವಿದ್ಯುತ್ತಿಗೆ ಜಾಗವಿರುವುದಿಲ್ಲ, ಆ ಹಿಡಿತ ಕಡಿಮೆಯಾಗಿ ಭಾರವೆಲ್ಲ ಮತ್ತೆ ಬ್ರೇಕುಗಳ ಮೇಲೆ ಬೀಳುತ್ತದೆ. ಆದ್ದರಿಂದ ನಿಮ್ಮ ಗೆಳೆಯರಲ್ಲಿ ಯಾರಾದರೂ ಅಂಥ ಕಾರಿನಲ್ಲಿ ಮುಂಬೈಗೆ ಹೊರಟರೆ, ಲೋಣಾವಳದಲ್ಲಿ ಬ್ಯಾಟರಿಯನ್ನು ನೂರಕ್ಕೆ ನೂರು ತುಂಬಿಸಿಕೊಂಡು ಘಾಟಿ ಇಳಿಯಬೇಡಿರೆಂದು ತಿಳಿಸಿ.